ಸಾಲಿಗ್ರಾಮದ ಕಡೆಯವರು

"ಅಮ್ಮಾ, ಇದು ಫಾಸಿಲ್!"

ಸಾಲಿಗ್ರಾಮಕ್ಕೆ ಹಾಲೆರೆಯುತ್ತಿದ್ದ ಸುಗಂಧಿಯ ಕೈ ಅಲ್ಲೇ ನಿಂತಿತು. ಮಗಳು ತೃಷಾ ವಿಜ್ಞಾನದ ಪುಸ್ತಕ ತೆರೆದು ಪಕ್ಕದಲ್ಲಿ ಹಿಡಿದಳು. ಚಿತ್ರದಲ್ಲೂ ಸಾಲಿಗ್ರಾಮದ ಮೇಲಿದ್ದ ಅದೇ ಸುರುಳಿ. "ಅಮೊನೈಟ್ ಅಂತ, ಡೈನೋಸಾರ್ ಕಾಲದ ಸಮುದ್ರದ ಪ್ರಾಣಿ. ಸತ್ತು ಕೆಸರಲ್ಲಿ ಹೂತುಹೋಗಿ ಚಿಪ್ಪು ಕಲ್ಲಾಯ್ತು. ನಮ್ಮ ಬೊಂಡಾಸ್ ಮೀನು, ಅದೇ ಸ್ಕ್ವಿಡ್, ಅದರ ಕಸಿನ್!"

ಸುಗಂಧಿಗೆ ‘ಕಸಿನ್’ ಅನ್ನುವುದೊಂದು ಬಿಟ್ಟರೆ ತಲೆಬುಡ ಅರ್ಥವಾಗಲಿಲ್ಲ. ಈ ದೇವರಿಗೆ ಮೈಲಿಗೆಯಾಗಬಾರದೆಂದೇ ಅವಳು ಕುವೈತಿಗೆ ಬಂದ ಮೇಲೂ ಪೂಜೆ ಮುಗಿಯುವ ತನಕ ಮೀನು ಮುಟ್ಟುತ್ತಿರಲಿಲ್ಲ. ತೆಂಗಿನತುರಿ ಹಾಕಿ ಸುಕ್ಕ ಮಾಡಲೆಂದು ಅಬ್ಬಾಸಿಯಾದ ಅಂಗಡಿಯಿಂದ ತಂದ ಬೊಂಡಾಸ್ ಸಿಂಕಿನಲ್ಲಿತ್ತು.

"ಹಾಗಾದ್ರೆ ಇದು ದೇವರಲ್ವಾ ಮಗಾ?"

"ಐ ಡೋಂಟ್ ನೋ ಅಮ್ಮಾ. ಬುಕ್ಕಲ್ಲಿ ಅದಿಲ್ಲ."

ಉಳಿದ ಹಾಲೆರೆದು ಕೈಮುಗಿದು, ಅವಳು ಅಡುಗೆಮನೆಗೆ ಹೋಗಿ ಕತ್ತಿ ಹಿಡಿದಳು. ಕೈ ಏಳಲಿಲ್ಲ.

"ಯಲ್ಲಾ, ಬೇಗ ಬೇಗ! ಸುಕ್ಕ ಆಯ್ತಾ?" ಗಂಡ ಯಶೋಧರ ಹೊರಗಿನಿಂದ ಕೂಗಿದ.

"ಇವತ್ತು ಬೇಳೆಸಾರು. ದೇವರ ಕಡೆಯವರನ್ನು ಹೇಗೆ ಕೊಯ್ಯುದು ಮಾರಾಯ್ರೆ?"