ಕೋಲಿನ ಪೆಟ್ಟು

ರೇಡಾರಿನ ಆಂಪ್ಲಿಫೈಯರ್ ಮತ್ತೊಮ್ಮೆ ಸುಟ್ಟಾಗ ಲ್ಯಾಬಿನ ಮುಖ್ಯಸ್ಥ ಶೇಷಗಿರಿಯ ಪಿತ್ತ ನೆತ್ತಿಗೇರಿತು.

“ಪಲ್ಸ್ ಮುಗಿದ ತಕ್ಷಣ ಇದನ್ನ ಆಫ್ ಮಾಡ್ಬೇಕು. ಅಷ್ಟೂ ಮಾಡ್ದೇ ಇರೋದು ಯಾವ ಸೀಮೆ ಸ್ವಿಚ್ ಸರ್ಕ್ಯೂಟು?”

“ಸಾರ್, ಒಂದ್ನಿಮ್ಷ...” ಎಂದಳು ಅದನ್ನು ಕಟ್ಟಿದ ವಾರಿಜಾ.

“ಬಾಯ್ಮುಚ್ಚು! ನಾನೇ ಕಿತ್ತು ಬಿಸಾಕ್ತೀನಿ.” ಮೇನ್ಸ್ ಆಫ್ ಮಾಡಿ, ಮುಚ್ಚಳ ತೆಗೆದು, ಸಿಟ್ಟಿನಲ್ಲೇ ಪೆಟ್ಟಿಗೆಯೊಳಗೆ ಕೈ ಹಾಕಹೊರಟ.

“ಮುಟ್ಬೇಡಿ ಸಾರ್!”

“ಇನ್ನೊಂದು ಮಾತಾಡಿದ್ರೆ ಕೆಲ್ಸ ಹೋಗುತ್ತೆ!”

ಅವಳು ಗೋಡೆಗೆ ತೂಗುಹಾಕಿದ್ದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲನ್ನು ಎಳೆದುಕೊಂಡು ಅವನ ಮಣಿಕಟ್ಟಿಗೆ ಬಾರಿಸಿದಳು. ಇಷ್ಟು ವರ್ಷದ ಸರ್ವೀಸಿನಲ್ಲಿ ಅವನ ಮೇಲೆ ಯಾರೂ ಕೈ ಎತ್ತಿರಲಿಲ್ಲ.

“ನನಗೇ ಹೊಡೀತೀಯಾ? ಇವತ್ತೇ ನಿನ್ನ...”

ಅವಳು ಅದೇ ಕೋಲನ್ನು ಪೆಟ್ಟಿಗೆಯೊಳಗೆ, ಮೇನ್ಸ್ ಆಫಾದ ಮೇಲೂ ಕರೆಂಟು ಹಿಡಿದಿಡುವ ಕೆಪಾಸಿಟರಿಗೆ ತಾಗಿಸಿದಳು. ಢಮಾರೆಂದು ಸಿಡಿದ ಕಿಡಿಗೆ ಕೋಲಿನ ಲೋಹದ ತುದಿಯೇ ಕರಗಿಹೋಯಿತು.