ರಾಕ್ಷಸಿಯ ಮಾತು

ಟಿವಿಯಲ್ಲಿ ರಾಕ್ಷಸಿ ಬಾಯಿ ತೆರೆದು ಒಂದು ಸಾಲು ಗುಡುಗಿದಳು. ಸೋಫಾದಲ್ಲಿ ಕಾಲು ಮಡಿಸಿ ಕೂತಿದ್ದ ಅಜ್ಜಿ ಅದೇ ಭಾಷೆಯಲ್ಲಿ ಥಟ್ಟನೆ ಏನೋ ಉತ್ತರ ಕೊಟ್ಟು, ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

"ಗೊತ್ತಾಯ್ತಾ ಅಜ್ಜಿ? ಅದು ನಿನ್ನದೇ ದನಿ!" ಮೊಮ್ಮಗ ಹಿಗ್ಗಿ ಹೀರೇಕಾಯಿಯಾದ.

ಅವನು ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್. ಧಾರಾವಾಹಿಯಲ್ಲಿ ಬೇರೆ ಗ್ರಹದಿಂದ ಬರುವ ರಾಕ್ಷಸರಿಗೊಂದು ಭಾಷೆ ಬೇಕೆಂದು ನಿರ್ದೇಶಕ ಮೂರು ತಿಂಗಳು ಅವನ ಜೀವ ಹಿಂಡಿದ್ದ. ಕಟ್ಟಿಕೊಟ್ಟಿದ್ದನ್ನೆಲ್ಲ ಸಪ್ಪೆ ಎಂದು ತಳ್ಳಿಹಾಕಿದ್ದ. ಕೊನೆಗೆ ಹೊಳೆದವಳು ಅಜ್ಜಿ. ಅವರ ಯಹೂದಿ ಮನೆತನದ ಹಳೆಯ ಮನೆಮಾತು ಈಗ ಬರುತ್ತಿದ್ದದ್ದು ಅವಳೊಬ್ಬಳಿಗೆ. ಮಗ ಕಲಿಯಲಿಲ್ಲ, ಮೊಮ್ಮಗನಿಗೆ ಕಲಿಯಬೇಕು ಅಂತಲೂ ಅನಿಸಿರಲಿಲ್ಲ. ಅಡುಗೆಮನೆಯಲ್ಲಿ ಅವಳ ಮುಂದೆ ಮೈಕು ಹಿಡಿದು, "ಏನಾದ್ರೂ ಮಾತಾಡು ಅಜ್ಜಿ. ಅರ್ಥ ಯಾರಿಗೆ ಬೇಕು, ಸದ್ದು ಸಾಕು" ಅಂದಿದ್ದ. ಕೇಳುವವನೊಬ್ಬ ಸಿಕ್ಕಿದನಲ್ಲ ಎಂದು ಅವಳು ಒಂದು ಗಂಟೆ ಮಾತಾಡಿದ್ದಳು. ಅವನು ಅದನ್ನು ನಿಧಾನ ಮಾಡಿ, ದಪ್ಪ ಮಾಡಿ, ಅಡಿಯಲ್ಲೊಂದಿಷ್ಟು ಗುರುಗುಟ್ಟುವ ಸದ್ದು ಬೆರೆಸಿದ್ದ. ಕೆಲಸವೇನೋ ಅಚ್ಚುಕಟ್ಟು. ಅವಳು ಹೇಳಿದ್ದೇನೆಂದು ಕೇಳುವ ಉಸಾಬರಿಗೆ ಮಾತ್ರ ಹೋಗಿರಲಿಲ್ಲ.

ತೆರೆಯ ಮೇಲೆ ಭೂಮಿಯ ಸೈನಿಕರು ಗುಹೆಯ ಬಾಗಿಲಿಗೆ ಬಂದೂಕು ಗುರಿಯಿಟ್ಟರು. ರಾಕ್ಷಸಿ ಎರಡೂ ಕೈ ಚಾಚಿ ಅಡ್ಡ ನಿಂತು ಅದೇ ಸಾಲನ್ನು ಮತ್ತೆ ಹೇಳಿದಳು. ಕೆಳಗೆ ಸಬ್‌ಟೈಟಲ್ ಮೂಡಿತು: 'ನಿಮ್ಮ ಮಕ್ಕಳನ್ನು ತಿಂದು ತೇಗುತ್ತೇವೆ.'

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಓದಿದಳು. "ನಾನು ಹಾಗೆ ಅಂದಿಲ್ಲ."

"ಅಯ್ಯೋ, ಅದು ಕಥೆಗೆ ತಕ್ಕ ಹಾಗೆ ಹಾಕಿರೋದು. ಯಾರಿಗೆ ಗೊತ್ತಾಗುತ್ತೆ..." ಅವಳ ಮುಖ ನೋಡಿ ಅವನು ಅಲ್ಲಿಗೇ ನಿಲ್ಲಿಸಿದ. "ಮತ್ತೇನಂದಿದ್ದೆ?"

"'ಒಳಗೆ ಮಕ್ಕಳು ಮಲಗಿದಾವೆ, ಮೆಲ್ಲಗೆ ಮಾತಾಡಿ' ಅಂತ. ನಮ್ಮಮ್ಮ ಹೇಳಿದ್ದು. ಸಿಪಾಯಿಗಳು ಬಂದ ದಿನ ಬಾಗಿಲಿಗೆ ಅಡ್ಡ ನಿಂತ್ಕೊಂಡು. ನಾನು ಮಂಚದ ಕೆಳಗಿದ್ದೆ."

"ಈಗ ಟಿವಿಗೆ ಏನಂದೆ?"

"'ಸದ್ದು ಮಾಡಲ್ಲಮ್ಮಾ' ಅಂದೆ."

ತೆರೆ ಬೆಳ್ಳಗೆ ಸಿಡಿಯಿತು. ರಾಕ್ಷಸಿ ಬಿದ್ದಳು, ಹಿಂದೆ ಜಯದ ವಾದ್ಯ ಮೊಳಗಿತು. ಆ ವಾದ್ಯವನ್ನೂ ಜೋಡಿಸಿದವನು ಅವನೇ. ರಿಮೋಟಿಗೆ ಕೈ ಹಾಕುವಷ್ಟರಲ್ಲಿ ನಿರ್ದೇಶಕನ ಫೋನು.

"ಭೇಷ್ ಕಣಯ್ಯಾ! ಆ ಸಾಲಿಗೆ ಜನ ಹುಚ್ಚೆದ್ದಿದ್ದಾರೆ. ಮುಂದಿನ ವಾರಕ್ಕೆ ಅಜ್ಜಿ ಕೈಲಿ ಇನ್ನೊಂದು ಗಂಟೆ ಮಾತಾಡಿಸು, ಸ್ವಲ್ಪ ಸಿಟ್ಟಲ್ಲಿ."

"ಸಾರ್, ಆ ಸಾಲನ್ನ ತೆಗೆದುಬಿಡೋಣ. ಅದರ ಅರ್ಥ..."

"ಅರ್ಥ ಯಾರಿಗಯ್ಯಾ ಬೇಕು? ಸದ್ದು ಸಾಕು."

ಅವನ ಬಾಯಿಂದ "ಆಯ್ತು ಸಾರ್" ಎಂದೇ ಬಂತು. ಫೋನು ಕೆಳಗಿಟ್ಟಾಗ ಕಂತು ಮುಗಿದು ಹೆಸರುಗಳು ಮೇಲೇರುತ್ತಿದ್ದವು. 'ರಾಕ್ಷಸ ಭಾಷೆಯ ಸೃಷ್ಟಿ' ಎಂಬುದರ ಮುಂದೆ ಅವನ ಹೆಸರು. ಈ ಒಂದು ಸಾಲಿಗಾಗಿ ಅವನು ಹತ್ತು ವರ್ಷ ಕಾದಿದ್ದ. ಈಗ ತಲೆ ಎತ್ತಲಾಗಲಿಲ್ಲ. ಅಜ್ಜಿಯೇ ಅದನ್ನು ಗಟ್ಟಿಯಾಗಿ ಓದಿದಳು.

"ಅವತ್ತೂ ಹೀಗೇ ಕಣೋ. 'ಹೆಂಗಸು ಸಿಪಾಯಿಗಳ ಮೇಲೆರಗಿದಳು, ಗುಂಡು ಹಾರಿಸಬೇಕಾಯಿತು' ಅಂತ ಕಚೇರಿ ಕಾಗದದಲ್ಲಿ ಬರೆದಿದ್ರು." ಅವಳು ಕನ್ನಡಕ ತೆಗೆದು ಮಡಿಸಿದಳು. "ಕೆಳಗೆ ಬರೆದವನ ಹೆಸರೂ ಇತ್ತು."