ಬೀದಿ ಕೊನೆಯ ರಂಗೋಲಿ

ಬೀದಿಯ ಕೊನೆಯಲ್ಲಿ ಎಲ್ಲರೂ ಕಸ ಎಸೆಯುತ್ತಿದ್ದ ಜಾಗವನ್ನು ಕುಮುದ ಒಂದು ಮುಂಜಾನೆ ಗುಡಿಸಿ, ದೊಡ್ಡದೊಂದು ರಂಗೋಲಿ ಹಾಕಿ ಬಂದಳು. ರಂಗೋಲಿಯ ಮೇಲೆ ಕಸ ಸುರಿಯಲು ಯಾರಿಗೂ ಕೈ ಬರಲಿಲ್ಲ. ಅಂದಿನಿಂದ ಅದು ಅವಳ ನಿತ್ಯದ ಕೆಲಸವಾಯಿತು. ಕಂಡವರು ಆಡಿಕೊಂಡಾರೆಂಬ ಭಯಕ್ಕೆ ಯಾರೂ ಏಳುವ ಮೊದಲೇ ಮುಗಿಸಿಬಿಡುತ್ತಿದ್ದಳು. ನಗರಸಭೆಗೆ ಕೊನೆಗೂ ಬುದ್ಧಿ ಬಂತೆಂದು ಬೀದಿಯವರೆಲ್ಲ ಬೀಗಿದರು.

ಜ್ವರ ಬಂದು ಅವಳು ಏಳಲಾಗದ ದಿನ ಎದುರುಮನೆಯ ಚಂದ್ರಮೌಳಿ ಬಾಗಿಲು ಬಡಿದರು.

"ನೋಡಿದ್ರೇನಮ್ಮಾ? ಇವತ್ತು ರಂಗೋಲಿನೇ ಹಾಕಿಲ್ಲ! ತೆರಿಗೆ ಮಾತ್ರ ತಪ್ಪದೆ ಕಿತ್ಕೋತಾರೆ. ದೂರು ಬರೆದಿದ್ದೀನಿ, ಒಂದು ಸಹಿ ಹಾಕಿ."

ಹಾಕಿದರೆ ತನ್ನ ಮೇಲೆ ತಾನೇ ದೂರು ಕೊಟ್ಟಂತೆ. ಹಾಕದಿದ್ದರೆ ಏಕೆಂದು ಹೇಳಬೇಕು. ಕುಮುದಳ ಬಾಯಿಂದ ಸುಳ್ಳೊಂದು ಜಾರಿಬಿಟ್ಟಿತು.

"ನಿಮಗೆ ಗೊತ್ತಿಲ್ವಾ ಸಾರ್? ಈಗ ರೂಲ್ಸ್ ಬದಲಾಗಿದೆಯಂತೆ. ದಿನಕ್ಕೊಂದು ಮನೆಯವರು ಸರದಿ ಮೇಲೆ ಗುಡಿಸಿ ರಂಗೋಲಿ ಹಾಕಬೇಕಂತೆ. ಇವತ್ತು ನಿಮ್ಮ ಮನೆದು."

"ಯಾರ್ರೀ ಹೇಳಿದ್ದು? ತಡೀರಿ, ನಗರಸಭೆಗೇ ಹೋಗಿ ಕೇಳ್ಕೊಂಡು ಬರ್ತೀನಿ!"

ಅವರ ಸ್ಕೂಟರ್ ಹೊರಟ ಸದ್ದಿಗೆ ಕುಮುದಳಿಗೆ ಜ್ವರವೇ ಇಳಿಯುವಷ್ಟು ಬೆವರು ಬಂತು. ಇನ್ನು ಇಡೀ ಬೀದಿಯೆದುರು ಸುಳ್ಳಿ ಅನ್ನಿಸಿಕೊಳ್ಳುವುದೊಂದೇ ಬಾಕಿ.

ಮಧ್ಯಾಹ್ನ ಚಂದ್ರಮೌಳಿ ಮುಖ ಸಣ್ಣದು ಮಾಡಿಕೊಂಡು ಬಂದರು. ಕೈಯಲ್ಲಿ ರಂಗೋಲಿ ಪುಡಿಯ ಪೊಟ್ಟಣವಿತ್ತು.

"ಸರದಿ ವಿಷಯ ಕೇಳಿದ್ದೇ ತಡ, ನಗರಸಭೆ ಅಧಿಕಾರಿ ನನಗೇ ಬೈದು ಕಳಿಸಿದ್ರು ಕಣಮ್ಮಾ. ಈ ರೂಲ್ಸ್ ಬಂದು ಎರಡು ವರ್ಷ ಆಯ್ತಂತೆ, ನಮ್ಮ ಬೀದಿಯವರು ಮಾತ್ರ ಪಾಲಿಸ್ತಿರಲಿಲ್ಲವಂತೆ!"